ಕೀಲೆಣ್ಣೆ ಯಾವುದಾದರೂ ಆದೀತೇ? ಟೂ ಸ್ಟ್ರೋಕ್ ಇಂಜಿನ್ ಬಗ್ಗೆ ಓದುಗರ ಪ್ರಶ್ನೆಗಳು

ಸ್ಪ್ರೇಯರ್, ಬ್ರಷ್ ಕಟರ್, ಚೈನ್ ಸಾ, ಹಳೆ ಮೊಪೆಡ್, ಹಳೆ ಯೆಜ್ಡಿ. ಈ ಸಲ ಬಂದ ಪತ್ರಗಳೆಲ್ಲ ಇವುಗಳ ಸುತ್ತಲೇ ಇವೆ. ಬಹುಪಾಲು ಓದುಗರು ಕೇಳಿರುವುದು ಒಂದೇ ಮಾತು: ಪೆಟ್ರೋಲಿಗೆ ಬೆರೆಸುವ 2ಟಿ ಆಯಿಲ್ ಬದಲು ಮನೆಯಲ್ಲಿರುವ ಎಣ್ಣೆ ಹಾಕಬಹುದೇ? ಒಂದೇ ಬಗೆಯ ಪತ್ರಗಳನ್ನು ಒಟ್ಟಿಗೆ ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ಹೊಲದ ಬದುವಿನಲ್ಲೇ ಹರಳು ಬೆಳೆದು ಎಣ್ಣೆ ತೆಗೆಸುತ್ತೇವೆ. ಮೊದಲು ಎತ್ತಿನ ಗಾಡಿಯ ಅಚ್ಚಿಗೂ ಅದೇ ಎಣ್ಣೆ ಹಾಕುತ್ತಿದ್ದೆವು. ರೇಸ್ ಗಾಡಿಗಳಿಗೂ ಹರಳೆಣ್ಣೆ ಹಾಕುತ್ತಾರಂತೆ. ಹಾಗಾದರೆ ನನ್ನ ಪವರ್ ಸ್ಪ್ರೇಯರ್‌ಗೆ ಯಾಕೆ ಹಾಕಬಾರದು?
— ಪಾಂಡವಪುರದ ರೈತರೊಬ್ಬರು

ಉತ್ತರ: ರೇಸ್ ಗಾಡಿಯ ಮಾತು ನಿಜ. ಹರಳೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ನೂರಕ್ಕೆ 85ರಿಂದ 90 ಭಾಗ ರಿಸಿನೋಲಿಕ್ ಆಮ್ಲ. ನಾವು ದಿನವೂ ಬಳಸುವ ಬೇರೆ ಸಸ್ಯದೆಣ್ಣೆಗಳಲ್ಲಿ ಇಲ್ಲದ ಒಂದು ಹೈಡ್ರಾಕ್ಸಿಲ್ ಕೊಂಡಿ ಈ ಆಮ್ಲದಲ್ಲಿದೆ. ಆ ಕೊಂಡಿಯಿಂದಲೇ ಎಣ್ಣೆ ಅಷ್ಟು ಮಂದವಾಗಿರುತ್ತದೆ, ಬಿಸಿ ಲೋಹವನ್ನು ಬಿಡದೆ ಕಚ್ಚಿಕೊಳ್ಳುತ್ತದೆ. ಮೊದಲ ಮಹಾಯುದ್ಧದ ವಿಮಾನಗಳ ರೋಟರಿ ಇಂಜಿನ್‌ಗಳು ಓಡಿದ್ದು ಹರಳೆಣ್ಣೆಯಲ್ಲೇ. ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೂ ಹರಳಿನ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್‌ನಿಂದ.

ಆದರೆ ಗಾಡಿಯ ಅಚ್ಚಿಗೂ ಟೂ ಸ್ಟ್ರೋಕ್ ಇಂಜಿನ್ನಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಅಚ್ಚಿಗೆ ಹಾಕಿದ ಕೀಲೆಣ್ಣೆ ಅಲ್ಲೇ ಇರುತ್ತದೆ. ಟೂ ಸ್ಟ್ರೋಕ್‌ನಲ್ಲಿ ಎಣ್ಣೆಗೆ ಬೇರೆ ತೊಟ್ಟಿ ಇಲ್ಲ, ಅದು ಪೆಟ್ರೋಲಿನ ಜೊತೆಗೇ ಬರಬೇಕು. ಕಾರ್ಬುರೇಟರ್ ದಾಟಿ ಮೊದಲು ಪಿಸ್ಟನ್ನಿನ ಕೆಳಗಿರುವ ಕ್ರ್ಯಾಂಕ್ ಕೇಸಿಗೆ ಹೋಗುತ್ತದೆ. ಅಲ್ಲಿ ಕ್ರ್ಯಾಂಕ್ ಬೇರಿಂಗ್, ಕನೆಕ್ಟಿಂಗ್ ರಾಡಿನ ಎರಡೂ ತುದಿ, ಪಿಸ್ಟನ್, ಬೋರ್ (ಸಿಲಿಂಡರಿನ ಒಳಗೋಡೆ) ಎಲ್ಲವನ್ನೂ ನೆನೆಸಿ, ಆಮೇಲೆ ಮೇಲಕ್ಕೆ ಹೋಗಿ ಪೆಟ್ರೋಲಿನ ಜೊತೆ ಉರಿದು ಸೈಲೆನ್ಸರಿನಿಂದ ಹೊರಬೀಳಬೇಕು. ಅಂದರೆ ಇಲ್ಲಿ ಎಣ್ಣೆಗೆ ಮೂರು ಕೆಲಸ: ಪೆಟ್ರೋಲಿನಲ್ಲಿ ಪೂರ್ತಿ ಕರಗಬೇಕು, ಕೀಲುಗಳನ್ನು ಕಾಯಬೇಕು, ಉರಿದ ಮೇಲೆ ಏನನ್ನೂ ಉಳಿಸಬಾರದು. ಹರಳೆಣ್ಣೆ ಎರಡನೆಯದರಲ್ಲಿ ಮೊದಲ ದರ್ಜೆ, ಉಳಿದ ಎರಡರಲ್ಲಿ ಸೋಲುತ್ತದೆ.

ಕರಗುವ ವಿಷಯವನ್ನು ನೀವೇ ನೋಡಬಹುದು. ಬಿಳಿ ಗಾಜಿನ ಬಾಟಲಿಗೆ 100 ಮಿ.ಲೀ. ಪೆಟ್ರೋಲ್, 4 ಮಿ.ಲೀ. ಹರಳೆಣ್ಣೆ ಹಾಕಿ, ಕುಲುಕಿ, ಮುಚ್ಚಿ, ಬೆಂಕಿಯಿಂದ ದೂರ ನೆರಳಿನಲ್ಲಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಅಲುಗಾಡಿಸದೆ ತಳ ನೋಡಿ. ತಳದಲ್ಲಿ ಮಂದವಾದ ಪದರ ಕಂಡರೆ, ಪೆಟ್ರೋಲ್ ಮಸುಕಾಗಿದ್ದರೆ, ನಿಮ್ಮ ಟ್ಯಾಂಕಿನಲ್ಲೂ ಅದೇ ಆಗುತ್ತದೆ. ಹರಳೆಣ್ಣೆ ಆಲ್ಕೋಹಾಲಿನಲ್ಲಿ ಚೆನ್ನಾಗಿ ಕರಗುತ್ತದೆ, ಪೆಟ್ರೋಲಿನಂಥ ಖನಿಜ ತೈಲದಲ್ಲಿ ಅಷ್ಟಾಗಿ ಇಲ್ಲ. ಆಟಿಕೆ ವಿಮಾನಗಳ ಪುಟ್ಟ ಇಂಜಿನ್‌ಗಳು ಇಂದಿಗೂ ಹರಳೆಣ್ಣೆ ಕುಡಿಯುವುದು ಅವುಗಳ ಇಂಧನ ಮೆಥನಾಲ್ ಆದ್ದರಿಂದ. ಈಗ ಬಂಕಿನಲ್ಲಿ ಸಿಗುವ ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಹರಳೆಣ್ಣೆ ಮೊದಲಿಗಿಂತ ಸುಲಭವಾಗಿ ಬೆರೆತಂತೆ ಕಾಣಬಹುದು. ಅದನ್ನು ನಂಬಿ ಕೂರಬೇಡಿ. ಆ ಪೆಟ್ರೋಲ್ ತೇವ ಎಳೆದುಕೊಂಡ ಕೂಡಲೇ ಲೆಕ್ಕ ತಪ್ಪುತ್ತದೆ. ಎಣ್ಣೆ ತಳಕ್ಕೆ ಇಳಿದ ಟ್ಯಾಂಕಿನಲ್ಲಿ ಮೊದಲು ಬರುವುದು ಬರೀ ಎಣ್ಣೆ, ಪ್ಲಗ್ ನೆನೆದು ಇಂಜಿನ್ ಹತ್ತುವುದೇ ಇಲ್ಲ. ಹೇಗೋ ಹತ್ತಿಸಿದಿರಿ ಎನ್ನಿ, ಆಮೇಲೆ ಬರುವುದು ಎಣ್ಣೆಯಿಲ್ಲದ ಪೆಟ್ರೋಲ್, ಪಿಸ್ಟನ್ ಸೀಜ್, ಅಂದರೆ ಪಿಸ್ಟನ್ ಬೋರಿಗೆ ಕಚ್ಚಿಕೊಂಡು ನಿಲ್ಲುತ್ತದೆ.

ಇನ್ನು ಉಳಿಯುವ ಕೊಳೆ. ದೋಸೆ ಹಂಚಿನ ಹೊರ ಅಂಚನ್ನು ಉಗುರಿನಿಂದ ಕೆರೆದು ನೋಡಿ. ಕಂದು ಬಣ್ಣದ, ಅರಗಿನ ಹಾಗೆ ಗಟ್ಟಿಯಾದ ಒಂದು ಪೊರೆ ಇರುತ್ತದೆ. ಸಬೀನದಿಂದ ಉಜ್ಜಿದರೂ ಬೇಗ ಬಿಡದು. ಸಸ್ಯದೆಣ್ಣೆ ಕಾವು, ಗಾಳಿ ಎರಡೂ ಸೇರಿದಾಗ ಹಾಗೆ ಹೆಪ್ಪುಗಟ್ಟುತ್ತದೆ. ಪಿಸ್ಟನ್ ರಿಂಗ್ ಕೂರುವ ತೋಡಿನಲ್ಲಿ ಅದೇ ಪೊರೆ ಕಟ್ಟಿಕೊಂಡರೆ ರಿಂಗ್ ಅಲುಗಾಡದೆ ಅಂಟಿಕೊಳ್ಳುತ್ತದೆ, ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಇಳಿಯುತ್ತದೆ, ಉರಿ ಪಿಸ್ಟನ್ನಿನ ಪಕ್ಕದಿಂದ ಕೆಳಗೆ ನುಗ್ಗುತ್ತದೆ. ರೇಸಿನವರಿಗೆ ಇದು ತೊಂದರೆಯಲ್ಲ, ಅವರು ಆಗಾಗ ಇಂಜಿನ್ ಬಿಚ್ಚಿ ಕೆರೆದು ತೊಳೆಯುತ್ತಾರೆ. ನಿಮ್ಮ ಸ್ಪ್ರೇಯರ್ ಒಂದು ಬೆಳೆಗೆ ನಾಲ್ಕು ದಿನ ಓಡಿ ಎರಡು ತಿಂಗಳು ಮೂಲೆಯಲ್ಲಿ ನಿಲ್ಲುವ ಯಂತ್ರ. ಹರಳೆಣ್ಣೆಗೆ ಇದಕ್ಕಿಂತ ಒಗ್ಗದ ಜಾಗ ಬೇರೆ ಇಲ್ಲ. ಹಾಕಬೇಡಿ. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕದಂತೆ ತಡೆಯಲು ಅದನ್ನು ಇಟ್ಟುಕೊಳ್ಳಿ, ಚೈನ್ ಸಾದ ಚೈನಿಗೂ ಬಳಸಬಹುದು. ಆ ವಿಷಯ ಮುಂದೆ ಬರುತ್ತದೆ.

ಪ್ರಶ್ನೆ: ಹೊಂಗೆ ಎಣ್ಣೆ, ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಇವುಗಳಲ್ಲಿ ಯಾವುದು ಉತ್ತಮ? ಹೊಂಗೆ ಎಣ್ಣೆಯಲ್ಲಿ ಇಂಜಿನ್ ಓಡಿಸಿದ್ದಾರೆ ಎನ್ನುತ್ತಾರಲ್ಲ.
— ಮದ್ದೂರು ಮತ್ತು ನಂಜನಗೂಡಿನಿಂದ ಬಂದ ಪತ್ರಗಳು

ಉತ್ತರ: ಹೊಂಗೆಯಲ್ಲಿ ಓಡಿಸಿರುವುದು ಡೀಸೆಲ್ ಇಂಜಿನ್, ಅದೂ ಇಂಧನವಾಗಿ. ಹಾಸನದ ಮಡೇನೂರಿನ ಜೈವಿಕ ಇಂಧನ ಪಾರ್ಕಿನಲ್ಲಿ ಹೊಂಗೆಯಂಥ ಮರಗಳ ಎಣ್ಣೆಯ ಮೇಲೆ ಕೆಲಸ ನಡೆದಿರುವುದೂ ಆ ದಾರಿಯಲ್ಲೇ. ಎಣ್ಣೆಗೆ ಮೆಥನಾಲ್ ಮತ್ತು ಕ್ಷಾರ ಸೇರಿಸಿ, ಗ್ಲಿಸರಿನ್ ಬೇರ್ಪಡಿಸಿದ ಮೇಲೆ ಸಿಗುವ ತೆಳುವಾದ ಬಯೋಡೀಸೆಲ್ ಬೇರೆ, ಗಾಣದಿಂದ ತಂದ ಹೊಂಗೆ ಎಣ್ಣೆ ಬೇರೆ. ಗಾಣದ ಹೊಂಗೆ ಎಣ್ಣೆಯಲ್ಲಿ ಬಿಡಿ ಆಮ್ಲದ ಅಂಶ ಹೆಚ್ಚು. ಕಾರ್ಬುರೇಟರಿನ ಹಿತ್ತಾಳೆ ಜೆಟ್ಟಿನ ಮೇಲೆ ಹಸಿರು ಕಿಲುಬು ಕಟ್ಟಿಸುವುದು ಆ ಆಮ್ಲವೇ. ಜೆಟ್ಟಿನ ರಂಧ್ರ ಕೂದಲೆಳೆಯಷ್ಟು, ಅಲ್ಲಿ ಸ್ವಲ್ಪ ಕಿಲುಬು ಕಟ್ಟಿದರೂ ಪೆಟ್ರೋಲ್ ಸಾಲದೆ ಇಂಜಿನ್ ಕಾವೇರುತ್ತದೆ.

ಕೊಬ್ಬರಿ ಎಣ್ಣೆ ಬೇಗ ಅಂಟಾಗುವುದಿಲ್ಲ, ಅಷ್ಟರ ಮಟ್ಟಿಗೆ ಅದು ಮೇಲು. ಆದರೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಧನುರ್ಮಾಸದ ಬೆಳಗಿನಲ್ಲಿ ಬಚ್ಚಲುಮನೆಯ ಡಬ್ಬಿಯಿಂದ ಬೆರಳು ಹಾಕಿ ತೆಗೆಯಬೇಕಾದ ಎಣ್ಣೆಯನ್ನು ಕಾರ್ಬುರೇಟರಿಗೆ ಕಳಿಸುವ ಮಾತು ಬೇಡ. ಕಡಲೆಕಾಯಿ, ಸೂರ್ಯಕಾಂತಿ, ಸೋಯಾ ಎಣ್ಣೆಗಳು ಪೆಟ್ರೋಲಿನಲ್ಲಿ ಸುಲಭವಾಗಿ ಬೆರೆಯುತ್ತವೆ. ಮೋಸ ಹೋಗುವುದು ಇಲ್ಲೇ: ಮೊದಲ ಕೆಲವು ಗಂಟೆ ಇಂಜಿನ್ ಚೆನ್ನಾಗಿಯೇ ಓಡುತ್ತದೆ, ಹೊಗೆಯೂ ಕಡಿಮೆ ಅನಿಸುತ್ತದೆ, ಬೋಂಡ ಕರಿದ ವಾಸನೆ ಬರುತ್ತದೆ. ಅಂಟು ಒಳಗೆ ಬೆಳೆಯುತ್ತಿರುತ್ತದೆ. ಇವುಗಳಲ್ಲಿ ಬೇಗ ಒಣಗಿ ಪೊರೆಗಟ್ಟುವುದು ಸೂರ್ಯಕಾಂತಿ ಮತ್ತು ಸೋಯಾ, ಕಡಲೆಕಾಯಿ ಎಣ್ಣೆ ಸ್ವಲ್ಪ ನಿಧಾನ. ಅಗಸೆ ಎಣ್ಣೆಯನ್ನಂತೂ ಬಣ್ಣ ಒಣಗಲೆಂದೇ ಬಳಸುವುದು. ಯಾವುದೂ ಬೇಡ ಎಂಬುದೇ ನಮ್ಮ ಉತ್ತರ.

ಪ್ರಶ್ನೆ: ಒಂದು ತಿಂಗಳು ಕಡಲೆಕಾಯಿ ಎಣ್ಣೆ ಬೆರೆಸಿ ಸ್ಪ್ರೇಯರ್ ಓಡಿಸಿದೆ. ಈಗ ಹಗ್ಗ ಎಳೆದರೆ ಸಲೀಸಾಗಿ ಬರುತ್ತದೆ, ಬಿಗಿಯೇ ಇಲ್ಲ, ಹತ್ತುವುದೂ ಇಲ್ಲ. ಪಿಸ್ಟನ್, ಬೋರ್ ಎಲ್ಲ ಹೊಸದು ಹಾಕಬೇಕೆಂದು ಹೇಳಿದ್ದಾರೆ. ಸರಿಯೇ?
— ಕೆ.ಆರ್.ಪೇಟೆ

ಉತ್ತರ: ಒಳಗೆ ನೋಡದೆ ಒಪ್ಪಬೇಡಿ. ಹಗ್ಗ ಹಗುರವಾಗಿ ಬರುವುದೆಂದರೆ ಕಂಪ್ರೆಷನ್ ಇಲ್ಲ. ಆದರೆ ರಿಂಗ್ ಅಂಟಿಕೊಂಡಿದ್ದರೂ ಇದೇ ಲಕ್ಷಣ, ಬೋರ್ ಹೋಗಿದ್ದರೂ ಇದೇ ಲಕ್ಷಣ. ಮೊದಲನೆಯದು ತೊಳೆದರೆ ಸರಿಹೋಗುತ್ತದೆ.

ಪ್ಲಗ್ ತೆಗೆಯಿರಿ. ಸೈಲೆನ್ಸರಿನ ಬೋಲ್ಟ್ ಬಿಚ್ಚಿ ಪಕ್ಕಕ್ಕಿಡಿ. ಹಗ್ಗವನ್ನು ನಿಧಾನ ಎಳೆಯುತ್ತಾ ಹೊಗೆ ಹೋಗುವ ಕಿಂಡಿಯಲ್ಲಿ ಟಾರ್ಚ್ ಬಿಟ್ಟು ಪಿಸ್ಟನ್ನಿನ ಪಕ್ಕ ನೋಡಿ. ಮೇಲಿನಿಂದ ಕೆಳಕ್ಕೆ ಗೆರೆಗಳಿಲ್ಲದೆ ನುಣ್ಣಗಿದ್ದು ರಿಂಗ್ ಮಾತ್ರ ಕಂದು ಅಂಟಿನಲ್ಲಿ ಹುದುಗಿದ್ದರೆ ಒಳ್ಳೆಯ ಸುದ್ದಿ. ತೆಳುವಾದ ಮರದ ಕಡ್ಡಿಯಿಂದ ರಿಂಗನ್ನು ಮೆಲ್ಲಗೆ ಒತ್ತಿ ನೋಡಿ. ಆರೋಗ್ಯವಾಗಿರುವ ರಿಂಗ್ ಸ್ಪ್ರಿಂಗಿನಂತೆ ಒಳಗೆ ಹೋಗಿ ಹೊರಗೆ ಬರುತ್ತದೆ. ಅಂಟಿದ ರಿಂಗ್ ಕಲ್ಲಿನಂತೆ ನಿಂತಿರುತ್ತದೆ.

ಗೆರೆ ಬಿದ್ದಿದ್ದರೆ ಎಲ್ಲಿ ಬಿದ್ದಿದೆ ಎನ್ನುವುದರ ಮೇಲೆ ಕಾರಣ ತಿಳಿಯುತ್ತದೆ. ಸುತ್ತಲೂ, ಎರಡೂ ಕಡೆ ಉಜ್ಜಿದ ಗುರುತಿದ್ದರೆ ಎಣ್ಣೆಯೇ ತಲುಪಿಲ್ಲ. ಹೊಗೆ ಹೋಗುವ ಕಡೆ ಮಾತ್ರ ಇದ್ದರೆ ವಿಪರೀತ ಕಾವು: ಪೆಟ್ರೋಲ್ ಕಡಿಮೆ ಬರುತ್ತಿದೆ, ಇಲ್ಲವೇ ಸಿಲಿಂಡರಿನ ರೆಕ್ಕೆಗಳ ನಡುವೆ ಕಸ ತುಂಬಿ ಗಾಳಿ ಆಡುತ್ತಿಲ್ಲ. ಕಾರ್ಬುರೇಟರ್ ಕಡೆ ಮಾತ್ರ ಮರಳು ಕಾಗದದಿಂದ ಉಜ್ಜಿದಂತೆ ಮಂಕಾಗಿದ್ದರೆ ಏರ್ ಫಿಲ್ಟರ್ ಮೂಲಕ ದೂಳು ಹೋಗಿದೆ.

ರಿಂಗ್ ಅಂಟಿದ್ದಷ್ಟೇ ಆದರೆ ಸಿಲಿಂಡರ್ ಮೇಲೆತ್ತಿ, ಪಿಸ್ಟನ್ ಬಿಚ್ಚಿ, ಒಂದು ರಾತ್ರಿ ಡೀಸೆಲಿನಲ್ಲಿ ನೆನೆಹಾಕಿ. ಪಿಸ್ಟನ್ ತೆಗೆಯುವ ಮೊದಲು ಅದರ ತಲೆಯ ಮೇಲಿನ ಬಾಣದ ಗುರುತು ನೋಡಿಕೊಳ್ಳಿ, ಮತ್ತೆ ಹಾಕುವಾಗ ಅದು ಸೈಲೆನ್ಸರ್ ಕಡೆಗೇ ಇರಬೇಕು. ಕ್ರ್ಯಾಂಕ್ ಕೇಸಿನ ಬಾಯಿಗೆ ಸ್ವಚ್ಛ ಬಟ್ಟೆ ತುರುಕಿಡಿ, ಪಿನ್ನಿನ ಲಾಕ್ ಒಂದು ಒಳಗೆ ಬಿದ್ದರೆ ಇಡೀ ಇಂಜಿನ್ ಬಿಚ್ಚಬೇಕಾಗುತ್ತದೆ. ನೆನೆದ ಮೇಲೆ ರಿಂಗನ್ನು ಬಿಡಿಸಿ ತೆಗೆಯಿರಿ. ಹಳೆ ರಿಂಗನ್ನೇ ಮುರಿದು ಅದರ ತುಂಡಿನ ಚೂಪು ತುದಿಯಿಂದ ತೋಡು ಕೆರೆಯುವುದು ಮೆಕ್ಯಾನಿಕ್‌ಗಳ ಹಳೆಯ ಕ್ರಮ. ಅಳತೆ ಸರಿಯಾಗಿ ಹೊಂದುವುದರಿಂದ ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಅಲ್ಯೂಮಿನಿಯಂ ಗೀಚದಂತೆ ಕೈ ಹಗುರವಾಗಿರಲಿ. ಹೊಸ ರಿಂಗ್ ಹಾಕುವಾಗ ತೋಡಿನೊಳಗೆ ಕಾಣುವ ಪುಟ್ಟ ಪಿನ್ನಿಗೆ ರಿಂಗಿನ ಎರಡು ತುದಿಗಳೂ ಕೂರಬೇಕು. ಅದನ್ನು ತಪ್ಪಿಸಿ ಸಿಲಿಂಡರ್ ಇಳಿಸಿದರೆ ರಿಂಗಿನ ತುದಿ ಕಿಂಡಿಗೆ ಸಿಕ್ಕಿ ಮುರಿಯುತ್ತದೆ.

ಒಂದು ಎಚ್ಚರಿಕೆ. ಈಗಿನ ಸಣ್ಣ ಇಂಜಿನ್‌ಗಳ ಬೋರಿಗೆ ಹೆಚ್ಚಾಗಿ ಕ್ರೋಮ್ ಅಥವಾ ನಿಕಲ್ ಲೇಪನ ಇರುತ್ತದೆ. ಅದನ್ನು ರೀಬೋರ್ ಮಾಡಿಸಲಾಗದು, ಅಂದರೆ ಕೊರೆದು ಅಗಲ ಮಾಡಿಸಲಾಗದು. ಲೇಪನ ಕಿತ್ತುಬಂದಿದ್ದರೆ ಸಿಲಿಂಡರ್ ಬದಲಿಸುವುದೇ ದಾರಿ. ಕಬ್ಬಿಣದ ಲೈನರ್ ಇರುವ ಹಳೆ ಗಾಡಿಗಳಿಗೆ ಮಾತ್ರ ರೀಬೋರ್.

ಪ್ರಶ್ನೆ: ನಮ್ಮ ತಂದೆ ಜಾವಾಕ್ಕೆ ಸಾದಾ ಇಂಜಿನ್ ಆಯಿಲ್ ಬೆರೆಸಿಯೇ ವರ್ಷಗಟ್ಟಲೆ ಓಡಿಸಿದರು, ಏನೂ ಆಗಲಿಲ್ಲ. ಈಗೇಕೆ ಬೇಡ ಎನ್ನುತ್ತೀರಿ? ಹೊಲದ ನಡುವೆ 2ಟಿ ಮುಗಿದುಹೋದರೆ ಏನು ಮಾಡಬೇಕು?
— ನಾಗಮಂಗಲ

ಉತ್ತರ: ನಿಮ್ಮ ತಂದೆಯವರು ಮಾಡಿದ್ದು ಆ ಕಾಲಕ್ಕೆ ಸರಿ. ಆಗಿನ ಸಾದಾ 30, 40 ನಂಬರಿನ ಖನಿಜ ತೈಲದಲ್ಲಿ ಬೆರಕೆ ರಾಸಾಯನಿಕ ಕಡಿಮೆ. ಇಂದಿನ ಫೋರ್ ಸ್ಟ್ರೋಕ್ ಬೈಕು, ಕಾರು, ಟ್ರ್ಯಾಕ್ಟರುಗಳ ಆಯಿಲ್‌ನಲ್ಲಿ ಸವೆತ ತಡೆಯಲು ಸತು ಮತ್ತು ರಂಜಕದ ಸಂಯುಕ್ತ, ಕೊಳೆ ಹಿಡಿಯಲು ಕ್ಯಾಲ್ಸಿಯಂ ಸಂಯುಕ್ತ ಇರುತ್ತವೆ. ಉರಿಯದೆ ತೊಟ್ಟಿಯಲ್ಲಿ ಸುತ್ತುವ ಎಣ್ಣೆಗೆ ಇವು ಬೇಕೇ ಬೇಕು. ಉರಿಯುವ ಎಣ್ಣೆಯಲ್ಲಿ ಇವೇ ಬೂದಿಯಾಗಿ ಉಳಿಯುತ್ತವೆ. ಬೂದಿ ಪ್ಲಗ್ಗಿನ ಎರಡು ತುದಿಗಳ ನಡುವೆ ಸೇತುವೆ ಕಟ್ಟಿ ಕಿಡಿ ನಿಲ್ಲಿಸುತ್ತದೆ. ಪಿಸ್ಟನ್ ತಲೆಯ ಮೇಲೆ ಕೂತ ಬೂದಿ ಕೆಂಡದಂತೆ ಕಾದು, ಪ್ಲಗ್ ಕಿಡಿ ಕೊಡುವ ಮೊದಲೇ ಮಿಶ್ರಣವನ್ನು ಹೊತ್ತಿಸಿದರೆ ಪಿಸ್ಟನ್ನಿಗೆ ತೂತೇ ಬೀಳಬಹುದು.

2ಟಿ ಆಯಿಲ್‌ನಲ್ಲಿ ಬೂದಿಯಾಗುವ ಲೋಹದಂಶ ತೀರಾ ಕಡಿಮೆ. ಬೇಗ ಬೆರೆಯಲು ಸೀಮೆಎಣ್ಣೆಯಂಥ ತೆಳು ದ್ರಾವಕ ಸೇರಿಸಿರುತ್ತಾರೆ. ಹೊಗೆ ಕಡಿಮೆಯಿರುವ ಬಗೆಗಳಲ್ಲಿ ಪಾಲಿಐಸೊಬ್ಯುಟಿಲೀನ್ ಇರುತ್ತದೆ, ಕಾವಿಗೆ ಅದು ಬಿಡಿಬಿಡಿಯಾಗಿ ಒಡೆದು ಕುರುಹಿಲ್ಲದೆ ಉರಿದುಹೋಗುತ್ತದೆ. ನೀಲಿಯೋ ಕೆಂಪೋ ಬಣ್ಣ ಹಾಕುವುದು ಬೆರೆಸಿದ ಪೆಟ್ರೋಲನ್ನು ಕಣ್ಣಿನಲ್ಲೇ ಗುರುತಿಸಲೆಂದು.

ಹೊಲದ ನಡುವೆ ಮುಗಿದರೆ: ಆ ದಿನದ ಕೆಲಸ ನಿಲ್ಲಿಸಲು ಸಾಧ್ಯವೇ ಇಲ್ಲ ಎಂದಾದರೆ ಒಂದು ಟ್ಯಾಂಕಿಗೆ ಮಾತ್ರ, ಹೊಸ 20ಡಬ್ಲ್ಯು-40 ಆಯಿಲ್ ಲೀಟರಿಗೆ 40 ಮಿ.ಲೀ. ಹಾಕಿ, ಕ್ಯಾನಿನಲ್ಲಿ ಬಹಳ ಹೊತ್ತು ಕುಲುಕಿ, ಪೂರ್ತಿ ರೇಸ್ ಕೊಡದೆ ಓಡಿಸಿ. ಮುಗಿದ ಮೇಲೆ ಪ್ಲಗ್ ಬಿಚ್ಚಿ ಬ್ರಷ್ ಮಾಡಿ. ಎಣ್ಣೆಯೇ ಇಲ್ಲದ ಪೆಟ್ರೋಲಿನಲ್ಲಿ ಓಡಿಸುವುದಕ್ಕಿಂತ ಇದು ಸಾವಿರ ಪಾಲು ಮೇಲು. ಬರೀ ಪೆಟ್ರೋಲಿನಲ್ಲಿ ಸಣ್ಣ ಇಂಜಿನ್ ಕೆಲವೇ ನಿಮಿಷಗಳಲ್ಲಿ ಸೀಜ್ ಆಗಬಹುದು. ಗೇರ್ ಆಯಿಲ್, ಹೈಡ್ರಾಲಿಕ್ ಆಯಿಲ್, ಬ್ರೇಕ್ ಆಯಿಲ್ ಈ ತುರ್ತಿಗೂ ಬೇಡ. ಟ್ರ್ಯಾಕ್ಟರಿನಿಂದ ಇಳಿಸಿದ ಕರಿ ಆಯಿಲ್ ಅಂತೂ ಕೂಡದು, ಅದರಲ್ಲಿ ಮಸಿ, ಆಮ್ಲ, ಲೋಹದ ಪುಡಿ ಎಲ್ಲವೂ ಇದೆ.

ಪ್ರಶ್ನೆ: ನನ್ನಲ್ಲಿ 250 ಸಿಸಿಯ ಯೆಜ್ಡಿ ಇದೆ. ಈಗಿನ 2ಟಿ ಒಳ್ಳೆಯದಾದ್ದರಿಂದ ಲೀಟರಿಗೆ 20 ಮಿ.ಲೀ. ಸಾಕು ಎಂದು ಸ್ನೇಹಿತರು ಹೇಳುತ್ತಾರೆ. ಚಾಮುಂಡಿ ಬೆಟ್ಟ ಇಳಿದು ಬಂದ ಮೇಲೆ ಒಮ್ಮೆ ಇಂಜಿನ್ ಬಿಗಿಯಾದಂತೆ ಅನಿಸಿತು.
— ಕುವೆಂಪುನಗರ, ಮೈಸೂರು

ಉತ್ತರ: ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಗಾಡಿಗಳು ಮೈಸೂರಿನಲ್ಲಿ ಇನ್ನೂ ಓಡುತ್ತಿರುವುದು ನಮಗೆಲ್ಲ ಸಂತೋಷದ ವಿಷಯ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

20 ಮಿ.ಲೀ. ಸಾಲದು. ಹಳೆಯ ಲೆಕ್ಕ 1:25, ಅಂದರೆ ಲೀಟರಿಗೆ 40 ಮಿ.ಲೀ. ಇಂದಿನ ಒಳ್ಳೆಯ 2ಟಿ ಹಾಕುವುದಾದರೆ 33 ಮಿ.ಲೀ.ಗೆ, ಅಂದರೆ 1:30ಕ್ಕೆ ಇಳಿಸಬಹುದು. ಅದಕ್ಕಿಂತ ಕೆಳಗೆ ಬೇಡ. ಈ ಇಂಜಿನ್ನಿನಲ್ಲಿ ಪಿಸ್ಟನ್ ಪಿನ್ ತಿರುಗುವುದು ಕಂಚಿನ ಬುಷ್‌ನಲ್ಲಿ. ಈಚಿನ ಇಂಜಿನ್‌ಗಳಲ್ಲಿ ಆ ಜಾಗದಲ್ಲಿ ಸೂಜಿ ರೋಲರ್‌ಗಳಿರುತ್ತವೆ, ಅವಕ್ಕೆ ಸ್ವಲ್ಪ ಎಣ್ಣೆ ಸಾಕು. ಬುಷ್‌ಗೆ ಸಾಲದು. 1:50 ಎಂಬುದು ಅಂಥ ರೋಲರ್ ಇಂಜಿನ್‌ಗಳ ಅಳತೆ, ಬಾಟಲಿಯ ಮೇಲೆ ಬರೆದಿದೆ ಎಂದು ಯೆಜ್ಡಿಗೆ ಹಾಕಬೇಡಿ. ರೀಬೋರ್ ಆದ ಹೊಸತರಲ್ಲಿ 1:20, ಲೀಟರಿಗೆ 50 ಮಿ.ಲೀ.

ಬೆಟ್ಟದ ಇಳಿಜಾರಿನ ವಿಷಯ ನೀವು ಬರೆದದ್ದು ಒಳ್ಳೆಯದಾಯಿತು. ಗೇರಿನಲ್ಲೇ ಬಿಟ್ಟು, ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಇಳಿಯುವಾಗ ಚಕ್ರವೇ ಇಂಜಿನ್ನನ್ನು ತಿರುಗಿಸುತ್ತಿರುತ್ತದೆ. ಪಿಸ್ಟನ್ ಜೋರಾಗಿ ಓಡುತ್ತಿದೆ, ಆದರೆ ಕಾರ್ಬುರೇಟರ್ ಮುಚ್ಚಿದೆ. ಪೆಟ್ರೋಲ್ ಬರದಿದ್ದರೆ ಎಣ್ಣೆಯೂ ಬಾರದು. ನಂದಿಯ ತಿರುವಿನಿಂದ ಬುಡದವರೆಗೆ ಹಾಗೆಯೇ ಬಂದರೆ ಅಷ್ಟು ಹೊತ್ತೂ ಬೋರ್ ಒಣಗುತ್ತಿರುತ್ತದೆ. ಇಳಿಯುವಾಗ ಬ್ರೇಕ್ ಬಳಸಿ, ಆಗಾಗ ಕ್ಲಚ್ ಹಿಡಿದು ಆಕ್ಸಿಲರೇಟರನ್ನು ಒಂದೆರಡು ಬಾರಿ ತಿರುವಿ ಬಿಡಿ. ಇಂಜಿನ್ ಬಿಗಿಯುತ್ತಿದೆ ಎಂದು ಎಂದಾದರೂ ಅನಿಸಿದ ಕ್ಷಣವೇ ಕ್ಲಚ್ ಹಿಡಿಯಿರಿ. ಟೂ ಸ್ಟ್ರೋಕ್ ಓಡಿಸುವವರ ಎಡಗೈ ಬೆರಳು ಯಾವಾಗಲೂ ಕ್ಲಚ್ ಮೇಲಿರಬೇಕು.

ಇನ್ನೊಂದು: ಎಣ್ಣೆ ಸರಿಯಾಗಿಯೇ ಹಾಕುತ್ತಿದ್ದೀರಿ, ಆದರೂ ಬಿಳಿ ಹೊಗೆ ದಟ್ಟವಾಗಿದೆ, ಗೇರ್‌ಬಾಕ್ಸ್ ಆಯಿಲ್ ತಾನಾಗಿ ಕಡಿಮೆಯಾಗುತ್ತಿದೆ ಎಂದರೆ ಕ್ಲಚ್ ಕಡೆಯ ಕ್ರ್ಯಾಂಕ್ ಆಯಿಲ್ ಸೀಲ್ ಹೋಗಿದೆ, ಇಂಜಿನ್ ಗೇರ್‌ಬಾಕ್ಸಿನ ಎಣ್ಣೆ ಕುಡಿಯುತ್ತಿದೆ. 2ಟಿ ಬದಲಿಸುತ್ತಾ ಕೂತರೆ ಈ ಹೊಗೆ ನಿಲ್ಲದು. ಕ್ರ್ಯಾಂಕಿನ ಇನ್ನೊಂದು ಕಡೆಯ ಸೀಲ್ ಹೋದರೆ ಅಲ್ಲಿಂದ ಬರಿ ಗಾಳಿ ಒಳಗೆ ಬಂದು ಮಿಶ್ರಣ ತೆಳುವಾಗುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ರೇಸ್ ಇಳಿಯದೆ ನಿಂತಿರುತ್ತದೆ. ಅದು ಸೀಜ್ ಆಗುವ ದಾರಿ.

ಪ್ರಶ್ನೆ: ಬಾಟಲಿಯ ಮೇಲೆ ಎಫ್‌ಬಿ, ಎಫ್‌ಸಿ, ಎಫ್‌ಡಿ, ಟಿಸಿ-ಡಬ್ಲ್ಯು3 ಎಂದೆಲ್ಲ ಇರುತ್ತದೆ. ಯಾವುದು ತೆಗೆದುಕೊಳ್ಳಬೇಕು?
— ತಿ.ನರಸೀಪುರ

ಉತ್ತರ: ಮೊದಲ ಮೂರು ಜಪಾನಿನ ಜಾಸೋ ದರ್ಜೆಗಳು. ಕೀಲು ಕಾಯುವುದು, ಕೊಳೆ ತೊಳೆಯುವುದು, ಹೊಗೆ, ಸೈಲೆನ್ಸರ್ ಕಟ್ಟುವುದು, ಈ ನಾಲ್ಕನ್ನೂ ಪರೀಕ್ಷಿಸಿ ಕೊಡುತ್ತಾರೆ. ಎಫ್‌ಸಿಯಲ್ಲಿ ಹೊಗೆ ಕಡಿಮೆ. ಎಫ್‌ಡಿಯಲ್ಲಿ ಅದರ ಜೊತೆ ತೊಳೆಯುವ ಗುಣ ಇನ್ನೂ ಹೆಚ್ಚು. ಬ್ರಷ್ ಕಟರ್, ಚೈನ್ ಸಾಗಳಂಥ ಜೋರು ತಿರುಗುವ ಇಂಜಿನ್‌ಗಳಿಗೆ ಎಫ್‌ಡಿ ಕೊಳ್ಳಿ. ಟಿಸಿ-ಡಬ್ಲ್ಯು3 ನೀರಿನಿಂದ ತಂಪಾಗುವ ದೋಣಿ ಇಂಜಿನ್‌ಗಳಿಗೆ ಮಾಡಿದ್ದು. ಗಾಳಿಯಲ್ಲಿ ತಣಿಯುವ ನಿಮ್ಮ ಯಂತ್ರದ ಕಾವಿಗೆ ಅದು ಹೊಂದುವುದಿಲ್ಲ.

ಅಳತೆ: 1:25 ಅಂದರೆ ಲೀಟರಿಗೆ 40 ಮಿ.ಲೀ., 1:40 ಅಂದರೆ 25, 1:50 ಅಂದರೆ 20. ಯಂತ್ರದ ಕೈಪಿಡಿಯಲ್ಲಿರುವುದನ್ನೇ ಹಾಕಿ. ಮೆಡಿಕಲ್ ಅಂಗಡಿಯ 20 ಮಿ.ಲೀ. ಸಿರಿಂಜ್ ಸೂಜಿ ತೆಗೆದು ಇಟ್ಟುಕೊಂಡರೆ ಅಂದಾಜಿನ ಮಾತೇ ಇಲ್ಲ. ಕ್ಯಾನಿಗೆ ಅರ್ಧ ಪೆಟ್ರೋಲ್, ಆಮೇಲೆ ಎಣ್ಣೆ, ಚೆನ್ನಾಗಿ ಕುಲುಕಿ ಉಳಿದರ್ಧ ಪೆಟ್ರೋಲ್, ಮತ್ತೆ ಕುಲುಕಿ. ಯಂತ್ರದ ಟ್ಯಾಂಕಿನಲ್ಲೇ ಬೆರೆಸಬೇಡಿ. ನೀರಿನ ಬಾಟಲಿಯಲ್ಲಿ ತುಂಬಿಡಬೇಡಿ, ಮಕ್ಕಳು ಕುಡಿದಾರು.

ಜಾಸ್ತಿ ಎಣ್ಣೆ ಹಾಕಿದರೆ ಒಳ್ಳೆಯದು ಎಂಬ ನಂಬಿಕೆಯೂ ತಪ್ಪು. ಪ್ಲಗ್ ಒದ್ದೆಯಾಗಿ ಕಪ್ಪಾಗುತ್ತದೆ, ಹೊಗೆ ಕಿಂಡಿಯಲ್ಲಿ ಕಾರ್ಬನ್ ಕಟ್ಟುತ್ತದೆ, ಸೈಲೆನ್ಸರಿನೊಳಗಿನ ಸಣ್ಣ ಜಾಲರಿ ಮುಚ್ಚಿ ಇಂಜಿನ್ ಉಸಿರುಕಟ್ಟುತ್ತದೆ. ಕಾರ್ಬನ್ ಕೆರೆಯುವುದಾದರೆ ಪಿಸ್ಟನ್ನನ್ನು ಪೂರ್ತಿ ಮೇಲಕ್ಕೆ ತನ್ನಿ. ಆಗ ಅದರ ಪಕ್ಕೆ ಕಿಂಡಿಯನ್ನು ಮುಚ್ಚಿ ಪುಡಿ ಒಳಗೆ ಬೀಳದಂತೆ ತಡೆಯುತ್ತದೆ. ಮರದ ಚೂರಿನಿಂದ ಕೆರೆಯಿರಿ, ಸ್ಕ್ರೂಡ್ರೈವರ್ ಬೇಡ.

ಪ್ರಶ್ನೆ: ಹೊಸ ಬ್ರಷ್ ಕಟರ್‌ಗೆ 2ಟಿ ಬೆರೆಸಿದ ಪೆಟ್ರೋಲ್ ಹಾಕಿದೆ, ವಿಪರೀತ ಹೊಗೆ.
— ಶ್ರೀರಂಗಪಟ್ಟಣ

ಉತ್ತರ: ನಿಮ್ಮದು ಫೋರ್ ಸ್ಟ್ರೋಕ್ ಇರಬೇಕು. ಇಂಜಿನ್ ಬುಡದಲ್ಲಿ ಆಯಿಲ್ ಹಾಕುವ ಪ್ರತ್ಯೇಕ ಮುಚ್ಚಳ ಇದೆಯೇ ನೋಡಿ. ಇದ್ದರೆ ಟ್ಯಾಂಕ್ ಖಾಲಿ ಮಾಡಿ ಬರೀ ಪೆಟ್ರೋಲ್ ಹಾಕಿ, ಪ್ಲಗ್ ಒರೆಸಿ. ಆ ಮುಚ್ಚಳದೊಳಗೆ 10ಡಬ್ಲ್ಯು-30 ಇಂಜಿನ್ ಆಯಿಲ್ ಇರಬೇಕು, 35 ಸಿಸಿ ಇಂಜಿನ್ನಿಗೆ ಸುಮಾರು 100 ಮಿ.ಲೀ. ಹಿಡಿಯುತ್ತದೆ. ಅದು ಖಾಲಿಯಿದ್ದರೆ 2ಟಿ ಬೆರೆಸಿದ ಪೆಟ್ರೋಲ್ ಇಂಜಿನ್ನನ್ನು ಕಾಪಾಡದು.

ಪ್ರಶ್ನೆ: ಸರಿಯಾದ ಆಯಿಲ್, ಸರಿಯಾದ ಅಳತೆ. ಆದರೂ ಮಳೆಗಾಲದಲ್ಲಿ ಎರಡು ತಿಂಗಳು ನಿಲ್ಲಿಸಿದ್ದ ಸ್ಪ್ರೇಯರ್ ಓಡಿಸಿದ ಮೊದಲ ದಿನವೇ ಸೀಜ್ ಆಯಿತು. ಆಯಿಲ್ ನಕಲಿಯೇ?
— ಮಳವಳ್ಳಿ

ಉತ್ತರ: ಆಯಿಲ್ ಮೇಲೆ ಅನುಮಾನ ಪಡುವ ಮುನ್ನ ಪೆಟ್ರೋಲ್ ನೋಡಿ. ಈಗ ಬಂಕಿನಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥನಾಲ್. ನಮ್ಮ ಸೀಮೆಯ ಕಬ್ಬಿನಿಂದಲೂ ತಯಾರಾಗುವ ಅದೇ ಎಥನಾಲ್. ಅದರ ಸ್ವಭಾವ ಗಾಳಿಯ ತೇವ ಹೀರುವುದು. ಅರ್ಧ ತುಂಬಿದ ಟ್ಯಾಂಕ್, ಸಡಿಲ ಮುಚ್ಚಳ, ಎರಡು ತಿಂಗಳ ಮಳೆ ಸೇರಿದರೆ ಒಂದು ಹಂತದಲ್ಲಿ ನೀರು ಮತ್ತು ಎಥನಾಲ್ ಜೊತೆಯಾಗಿ ಪೆಟ್ರೋಲನ್ನು ಬಿಟ್ಟು ತಳಕ್ಕೆ ಇಳಿಯುತ್ತವೆ. ನಿಮ್ಮ 2ಟಿ ಆಯಿಲ್ ಉಳಿಯುವುದು ಮೇಲಿನ ಪೆಟ್ರೋಲ್ ಪದರದಲ್ಲಿ. ಪೈಪು ಎಳೆಯುವುದು ತಳದಿಂದ. ಅಂದರೆ ಇಂಜಿನ್ನಿಗೆ ಹೋದದ್ದು ಎಣ್ಣೆಯಿಲ್ಲದ ನೀರು-ಎಥನಾಲ್.

ಉಳಿದಿರುವ ಪೆಟ್ರೋಲನ್ನು ಗಾಜಿನ ಬಾಟಲಿಗೆ ಬಗ್ಗಿಸಿ ಅರ್ಧ ಗಂಟೆ ಬಿಡಿ. ತಳದಲ್ಲಿ ಬಣ್ಣವಿಲ್ಲದ ಪದರ, ಮೇಲೆ 2ಟಿಯ ಬಣ್ಣ ಕಂಡರೆ ಕಾರಣ ಸಿಕ್ಕಿತು. ಹೊಸ ಪೆಟ್ರೋಲಿನಲ್ಲಿ ಎಥನಾಲ್ ಎಷ್ಟಿದೆ ಎಂದು ತಿಳಿಯಬೇಕಾದರೆ ಗೆರೆಗಳಿರುವ 100 ಮಿ.ಲೀ. ಗಾಜಿನ ಅಳತೆ ನಳಿಗೆಗೆ 10 ಮಿ.ಲೀ. ನೀರು, 90 ಮಿ.ಲೀ. ಪೆಟ್ರೋಲ್ ಹಾಕಿ ಕುಲುಕಿ ನಿಲ್ಲಿಸಿ. ಎಥನಾಲ್ ನೀರಿಗೆ ಸೇರಿ ತಳದ ಪದರ ಬೆಳೆಯುತ್ತದೆ. 20 ಭಾಗ ಇದ್ದರೆ ಆ ಪದರ 28ರ ಆಸುಪಾಸಿಗೆ ಬರುತ್ತದೆ. ಪರೀಕ್ಷಿಸಿದ ಪೆಟ್ರೋಲನ್ನು ಯಂತ್ರಕ್ಕೆ ಮತ್ತೆ ಹಾಕಬೇಡಿ.

ಇನ್ನು ಮುಂದೆ ವಾರಕ್ಕೆ ಬೇಕಾದಷ್ಟು ಮಾತ್ರ ಬೆರೆಸಿ, ಮಿಶ್ರಣ ಒಂದು ತಿಂಗಳು ದಾಟಿಸಬೇಡಿ. ಯಂತ್ರ ನಿಲ್ಲಿಸುವ ದಿನ ಟ್ಯಾಂಕ್ ಪೂರ್ತಿ ಬಗ್ಗಿಸಿ, ಕಾರ್ಬುರೇಟರಿನಲ್ಲಿ ಉಳಿದದ್ದು ಉರಿದು ಇಂಜಿನ್ ತಾನಾಗಿ ಆರುವವರೆಗೆ ನಿಧಾನದಲ್ಲಿ ಓಡಿಸಿ. ಪ್ಲಗ್ ತೆಗೆದು ರಂಧ್ರದಲ್ಲಿ ನಾಲ್ಕೈದು ಹನಿ 2ಟಿ ಬಿಟ್ಟು ಹಗ್ಗ ಎರಡು ಬಾರಿ ಮೆಲ್ಲಗೆ ಎಳೆದು ಪ್ಲಗ್ ಮುಚ್ಚಿ.

ಪ್ರಶ್ನೆ: ಚೈನ್ ಸಾದ ಚೈನಿಗೆ ಹಳೆ ಇಂಜಿನ್ ಆಯಿಲ್ ಹಾಕುತ್ತಿದ್ದೇವೆ. ಅದಕ್ಕಾದರೂ ಸಸ್ಯದೆಣ್ಣೆ ಆದೀತೇ?
— ಹುಣಸೂರು

ಉತ್ತರ: ಆದೀತು, ಚೆನ್ನಾಗಿಯೇ ಆಗುತ್ತದೆ. ಚೈನಿನ ಎಣ್ಣೆ ಉರಿಯುವುದಿಲ್ಲ, ಚೈನ್ ಸುತ್ತುವ ಉದ್ದ ಪಟ್ಟಿಯಾದ ಬಾರಿನ ತೋಡಿನಲ್ಲಿ ಜಾರಿ ಮರದ ಹೊಟ್ಟಿನ ಜೊತೆ ಹಾರಿ ನೆಲಕ್ಕೆ ಬೀಳುತ್ತದೆ. ಒಮ್ಮೆ ಪೆಟ್ರೋಲ್ ಟ್ಯಾಂಕ್ ಖಾಲಿಯಾಗುವಷ್ಟರಲ್ಲಿ ಎಣ್ಣೆಯ ಟ್ಯಾಂಕೂ ಬಹುಪಾಲು ಖಾಲಿ. ಅಷ್ಟೂ ಎಣ್ಣೆ ನಿಮ್ಮ ತೋಟದ ಮಣ್ಣಿಗೆ, ಕೆಲಸಗಾರರ ಅಂಗಿಗೆ, ಮುಖಕ್ಕೆ ಸೇರುತ್ತದೆ. ಬಳಸಿದ ಇಂಜಿನ್ ಆಯಿಲ್‌ನಲ್ಲಿ ಕ್ಯಾನ್ಸರ್ ತರಬಲ್ಲ ಅಂಶಗಳಿವೆ, ಚರ್ಮಕ್ಕೆ ದಿನವೂ ತಾಗಬಾರದು. ಅದರಲ್ಲಿರುವ ಲೋಹದ ಪುಡಿ ಎಣ್ಣೆ ಪಂಪನ್ನೂ ಸವೆಸುತ್ತದೆ. ಆ ಆಯಿಲ್ ಅಪಾಯಕಾರಿ ತ್ಯಾಜ್ಯದ ನಿಯಮಗಳಡಿ ಬರುವ ವಸ್ತು. ಡಬ್ಬಿಯಲ್ಲಿ ತುಂಬಿಸಿ, ಹಳೆ ಆಯಿಲ್ ಸಂಗ್ರಹಿಸಿ ಮರುಶುದ್ಧೀಕರಣಕ್ಕೆ ಕಳಿಸುವ ಗ್ಯಾರೇಜಿಗೆ ಕೊಡಿ.

ಬದಲಿಗೆ ಸೋಸಿದ ಹರಳೆಣ್ಣೆ ಮತ್ತು ಕಡಲೆಕಾಯಿ ಎಣ್ಣೆ ಬೆರೆಸಿ ಹಾಕಿ. ಬರಿ ಹರಳೆಣ್ಣೆ ಮಂದವಾಗಿ ಪಂಪಿಗೆ ಭಾರ, ಬರಿ ಕಡಲೆಕಾಯಿ ಎಣ್ಣೆ ತೆಳುವಾಗಿ ಚೈನಿನಿಂದ ಬೇಗ ಎರಚಿಹೋಗುತ್ತದೆ. ಅರ್ಧರ್ಧದಿಂದ ಶುರುಮಾಡಿ, ಚೈನನ್ನು ಒಂದು ಒಣಗಿದ ಕೊರಡಿನ ಮೇಲೆ ಅಂಗೈ ದೂರ ಹಿಡಿದು ಪೂರ್ತಿ ರೇಸ್ ಕೊಟ್ಟು ನೋಡಿ. ಕೊರಡಿನ ಮೇಲೆ ಸಣ್ಣ ಎಣ್ಣೆ ಗೆರೆ ಮೂಡಿದರೆ ಸರಿ. ಮೂಡದಿದ್ದರೆ ಹರಳೆಣ್ಣೆ ಕಡಿಮೆ ಮಾಡಿ. ಕೆಲಸ ಮಾಡುವಾಗ ಬಾರ್ ಮುಟ್ಟಲಾರದಷ್ಟು ಕಾದರೆ ಎಣ್ಣೆ ಸಾಲುತ್ತಿಲ್ಲ ಎಂದೇ ಅರ್ಥ.

ಸಸ್ಯದೆಣ್ಣೆಯ ಅಂಟು ಇಲ್ಲೂ ಇದೆ, ಮರೆಯಬೇಡಿ. ವಾರಕ್ಕಿಂತ ಹೆಚ್ಚು ನಿಲ್ಲಿಸುವುದಾದರೆ ಎಣ್ಣೆ ಟ್ಯಾಂಕ್ ಬಗ್ಗಿಸಿ, ಸ್ವಲ್ಪ ತೆಳುವಾದ ಹೊಸ ಖನಿಜ ತೈಲ ಹಾಕಿ ಎರಡು ನಿಮಿಷ ಓಡಿಸಿ. ಚೈನ್ ಬಿಚ್ಚಿ ಸೀಮೆಎಣ್ಣೆಯಲ್ಲಿ ಅದ್ದಿ ಒರೆಸಿ, ಬಾರಿನ ಎಣ್ಣೆ ರಂಧ್ರವನ್ನು ತೆಳು ತಂತಿಯಿಂದ ಬಿಡಿಸಿಡಿ.